ಬೇರೆ ಇಟ್ಟ ತಟ್ಟೆ

ನಿನ್ನ ಗಡಿಯಾರ ರಿಪೇರಿ ಅಂಗಡಿಯ ಸ್ಟೂಲಿನ ಮೇಲೆ ಕೂತು, ನಿನಗೆ, ಅಪ್ಪ,

ಎಲ್ಲ ಕ್ಷೇಮ ಎಂದು ಶುರು ಮಾಡೋಣವೆಂದರೆ ಕ್ಷೇಮವೋ ಅಲ್ಲವೋ ನನಗೇ ತಿಳಿಯುತ್ತಿಲ್ಲ. ಏಳು ತಿಂಗಳ ಬಸುರಿ ನಾನು. ಊಟ ಸೇರುತ್ತದೆ, ಕೈ ನಡುಗದೆ ಗಡಿಯಾರ ಬಿಚ್ಚಿ ಕೂಡಿಸುತ್ತೇನೆ. ಆದರೆ ಬಸುರಿಯರಿಗೆಲ್ಲ ಮಾಡುವ ರಕ್ತಪರೀಕ್ಷೆಯಲ್ಲಿ ನನಗೆ ಹೆಪಟೈಟಿಸ್ ಬಿ ಇದೆ ಎಂದು ಬಂತು. ಒಂಬತ್ತು ವರ್ಷದ ಹಿಂದೆ ನಿನ್ನನ್ನು ಕರೆದುಕೊಂಡು ಹೋದ ಅದೇ ಸೋಂಕು.

ನನಗೆ ಮೊದಲು ನೆನಪಾಗಿದ್ದು ನಿನ್ನ ತಟ್ಟೆ. ನೀಲಿ ಅಂಚಿನದು, ಕಿಟಕಿಯ ಕಟ್ಟೆಯ ಮೇಲೆ ಒಂಟಿಯಾಗಿ ಕೂತಿರುತ್ತಿತ್ತು. ನನಗೆ ಆರು ವರ್ಷವಿದ್ದಾಗ ಡಾಕ್ಟರು ನಿನ್ನ ಕಾಯಿಲೆಯ ಹೆಸರು ಹೇಳಿ, ಮನೆಯವರೂ ಪರೀಕ್ಷೆ ಮಾಡಿಸಿಕೊಳ್ಳಿ ಎಂದಿದ್ದರಂತೆ. ಅಮ್ಮ ಪರೀಕ್ಷೆಯ ಮಾತನ್ನು ಅಲ್ಲೇ ಬಿಟ್ಟು ಬಂದು ತಟ್ಟೆ ಬೇರೆ ಮಾಡಿದಳು. ಒಮ್ಮೆ ನಿನ್ನ ಅನ್ನಕ್ಕೆ ಕೈ ಹಾಕಿದ್ದಕ್ಕೆ ಮಣಿಕಟ್ಟಿನ ಮೇಲೆ ಏಟು ಬಿತ್ತು. "ಅಪ್ಪನ ತಟ್ಟೆಗೆ ಕೈ ಹಾಕ್ಬೇಡ ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ?" ನೀನು ಕಿಟಕಿಯ ಕಡೆ ತಿರುಗಿ ಉಂಡೆ. ಆಮೇಲೆ ನಾವಿಬ್ಬರೂ ಒಟ್ಟಿಗೆ ಕೂತು ಉಣ್ಣಲೇ ಇಲ್ಲ.

ಉಗುರು ಕತ್ತರಿಸುವುದಕ್ಕೆ ಮಾತ್ರ ಯಾರೂ ಅಡ್ಡ ಬರಲಿಲ್ಲ. ಭಾನುವಾರ ಬೆಳಿಗ್ಗೆ ಮೊದಲು ನಿನ್ನದು, ಆಮೇಲೆ ಅದೇ ನೇಲ್‌ಕಟರ್‌ನಿಂದ ನನ್ನದು. ನೀನು ಅಂಗಡಿಯ ಭೂತಗನ್ನಡಿಯನ್ನು ಒಂದು ಕಣ್ಣಿಗೆ ಸಿಕ್ಕಿಸಿಕೊಂಡು, "ಇದೇನಮ್ಮ, ಹನ್ನೊಂದು ಬೆರಳಿದೆ! ಒಂದು ಯಾರದ್ದೋ ಎತ್ಕೊಂಡು ಬಂದಿದ್ದೀಯ, ವಾಪಸ್ ಕೊಟ್ಬಾ" ಎನ್ನುತ್ತಿದ್ದೆ. ಒಂದೆರಡು ಸಲ ತುಸು ಒಳಗೇ ತಾಗಿ ರಕ್ತವೂ ಬಂದಿತ್ತು. ನಿನ್ನ ಕೈ ನನಗೆ ಸಿಗುತ್ತಿದ್ದದ್ದು ಅಷ್ಟೊತ್ತೇ. ಅದರಿಂದಲೇ ಬಂತೇ ಇದು? ಹಾಗೆಂದುಕೊಂಡರೂ ಆ ಭಾನುವಾರಗಳು ಬೇಡವಾಗಿದ್ದವು ಎನ್ನಲು ಬಾಯಿ ಬರುವುದಿಲ್ಲ.

ವಿಷಯ ಕೇಳಿದ ಅಮ್ಮ ನನ್ನ ತಟ್ಟೆಯನ್ನು ಎತ್ತಿ ಕಿಟಕಿಯ ಕಟ್ಟೆಗೆ ಇಟ್ಟಳು. ತಟ್ಟೆ ಬೇರೆ ಮಾಡಬೇಕಿಲ್ಲವೆಂದು ನಾನು ಕೂಗಾಡಿದೆ. ನನ್ನ ಮಾತು ತಪ್ಪೆಂದು ಡಾಕ್ಟರ ಬಾಯಿಂದ ಹೇಳಿಸಲು ಮರುದಿನ ಅವಳೇ ಆಸ್ಪತ್ರೆಗೆ ಹೊರಟಳು. ಡಾಕ್ಟರಮ್ಮ ಸಮಾಧಾನದಿಂದಲೇ ಹೇಳಿದರು: "ಊಟದಿಂದ ಹರಡಲ್ಲಮ್ಮ, ಮುಟ್ಟಿದ್ರೂ ಹರಡಲ್ಲ. ರಕ್ತ ತಾಗೋದನ್ನ ಬೇರೆ ಇಡಿ. ಬ್ಲೇಡು, ಬ್ರಷ್ಷು, ನೇಲ್‌ಕಟರ್." ಅಮ್ಮ ಸೆರಗಿನ ತುದಿಯನ್ನು ಸುತ್ತುತ್ತಾ ಕೂತಳು. ಆಮೇಲೆ, "ಹಾಗಾದ್ರೆ ಅವರ ತಟ್ಟೆ..." ಎಂದು ಅಲ್ಲಿಗೇ ನಿಲ್ಲಿಸಿ, ತಾನೂ ಪರೀಕ್ಷೆಗೆ ರಕ್ತ ಕೊಡಲು ಕೈ ಚಾಚಿದಳು.

ಅಪ್ಪ, ಅಮ್ಮನಿಗೂ ಇದೆ. ಎಷ್ಟು ವರ್ಷದಿಂದಲೋ ಗೊತ್ತಿಲ್ಲ. ಹುಟ್ಟುವಾಗ ಅವಳಿಂದಲೇ ನನಗೆ ಬಂದಿರಬಹುದಂತೆ. ನಿನಗೂ ಅವಳಿಂದ ಬಂದಿರಬಹುದು, ಅವಳಿಗೇ ನಿನ್ನಿಂದ ಬಂದಿರಬಹುದು. ಯಾರ ಮೇಲೆ ಸಿಟ್ಟು ಮಾಡಲಿ? ಒಂದು ದಿನ ನಿನ್ನ ಮೇಲೆ, ಒಂದು ದಿನ ಅವಳ ಮೇಲೆ, ಸಂಜೆಯಾದರೆ ಇಬ್ಬರ ಮೇಲೂ ಅಯ್ಯೋ ಅನಿಸುತ್ತದೆ. "ಯಾರಿಂದ ಬಂತು ಅಂತ ಇನ್ನು ಹುಡುಕೋಕಾಗಲ್ಲ. ಮಗುವಿಗೆ ಬರದ ಹಾಗೆ ನೋಡ್ಕೊಳ್ಳೋಣ" ಎಂದರು ಡಾಕ್ಟರಮ್ಮ. ಹುಟ್ಟಿದ ದಿನವೇ, ತಡಮಾಡದೆ, ಎರಡು ಚುಚ್ಚುಮದ್ದು; ಆಮೇಲೆ ತಪ್ಪದೆ ಉಳಿದ ಲಸಿಕೆಗಳು. ನನಗೂ ಅಮ್ಮನಿಗೂ ಇನ್ನು ಆಗಾಗ ತಪಾಸಣೆ. ನೀನು ನೋಡದ ನಿನ್ನ ಅಳಿಯನಿಗೆ ಸೋಂಕಿಲ್ಲ, ಅವನಿಗೂ ಲಸಿಕೆ ಶುರುವಾಗಿದೆ. ಅಷ್ಟು ದೊಡ್ಡ ಬಸ್ ಓಡಿಸುವವನು ಸೂಜಿ ಕಂಡದ್ದೇ ನನ್ನ ಕೈ ಹಿಡಿದುಕೊಂಡ.

ತನ್ನ ಫಲಿತಾಂಶ ಬಂದ ದಿನ ಮಧ್ಯಾಹ್ನ ಅಮ್ಮ ಅಟ್ಟದಿಂದ ನಿನ್ನ ನೀಲಿ ಅಂಚಿನ ತಟ್ಟೆ ಇಳಿಸಿದಳು. ಬಿಸಾಡಿರಲಿಲ್ಲ ನೋಡು. ತೊಳೆದು, ಅದರಲ್ಲೇ ಬಡಿಸಿಕೊಂಡು, ಕಿಟಕಿಯ ಕಡೆ ಮುಖ ಮಾಡಿ ಕೂತಳು. ಅದು ಶಿಕ್ಷೆಯೋ, ನಿನ್ನ ಜೊತೆ ಕೂತಿದ್ದೋ, ನನಗೆ ಅರ್ಥವಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಅವಳ ಪಕ್ಕ ಕೂತೆ, ಆ ತಟ್ಟೆಗೆ ಕೈ ಹಾಕಿ ಒಂದು ತುತ್ತು ಎತ್ತಿದೆ. ಹೊಡೆಯಲು ಅವಳ ಕೈ ತಾನಾಗಿಯೇ ಮೇಲೆದ್ದಿತು, ಹಾಗೇ ನಿಂತಿತು.

"ಉಪ್ಪು ಸಾಕಾ?" ಎಂದಳು.

ಸಾಕೆಂದೆ. ನಿನ್ನನ್ನು ಕೇಳಬೇಕಿದ್ದ ಮಾತು ಅದು, ಇಷ್ಟು ತಡವಾಗಿ ನನ್ನನ್ನು ಕೇಳಿದಳು. ಅವಳನ್ನು ಕ್ಷಮಿಸಿಬಿಡು ಅಪ್ಪ. ನನ್ನಿಂದ ಒಂದೊಂದು ದಿನ ಮಾತ್ರ ಆಗುತ್ತದೆ.

ಮಗುವಿಗೆಂದು ಹೊಸ ನೇಲ್‌ಕಟರ್ ತಂದಿಟ್ಟಿದ್ದೇನೆ, ಅದರದ್ದೇ ಡಬ್ಬಿಯಲ್ಲಿ. ಭೂತಗನ್ನಡಿ ಮಾತ್ರ ನಿನ್ನದೇ. ಬೆರಳು ಹತ್ತೇ ಇರಲಿ, ರಕ್ತ ಶುದ್ಧವಿರಲಿ ಎಂದು ಅಲ್ಲಿಂದಲೇ ಹರಸು.

ನಿನ್ನ ತಟ್ಟೆಯಲ್ಲೇ ಉಂಡ,
ನಿನ್ನ ಹನ್ನೊಂದು ಬೆರಳಿನ ಮಗಳು