ಬಣ್ಣಕ್ಕೆ ಹೊರಟ ದ್ಯಾಮವ್ವ

ಶ್ರೀ ಹುಲಿಗೆಮ್ಮ ಪ್ರಸನ್ನ

ಹನುಮಸಾಗರ
ಭಾರತ ಹುಣ್ಣಿಮೆ, 12-2-2025

ಚಿರಂಜೀವಿ ಅಮೃತಾಳಿಗೆ ನಿನ್ನ ಅವ್ವ ಮಾಡುವ ಆಶೀರ್ವಾದ.

ನಾವಿಲ್ಲಿ ಉಂಡು ತಿರುಗಾಡಿಕೊಂಡಿದ್ದೇವೆ. ಗಂಗಾವತಿಯಲ್ಲಿ ನಿನ್ನನ್ನೂ ಆ ತಾಯಿ ಆರಾಮಾಗಿ ಇಟ್ಟಿರಲಿ. ಸಂಕ್ರಾಂತಿಗೆ ಬಂದಾಗ ನೀನು ಕೇಳಿ ಹೋದ ಮಾತಿಗೆ ಇಷ್ಟು ದಿನ ಉತ್ತರ ಕೊಡದೆ ಇದ್ದದ್ದು ನನ್ನ ತಪ್ಪು. ಸುಗ್ಗಿ ಇತ್ತು, ಕಡಲೆ ಕೀಳಲು ಆಳು ಸಿಗಲಿಲ್ಲ, ನಿಮ್ಮಪ್ಪನ ಮೊಣಕಾಲು ಮತ್ತೆ ಬಾತುಕೊಂಡಿತು. ಇವೆಲ್ಲ ನೆಪ. ಬರೆಯಲು ಕೂತಾಗೆಲ್ಲ ಸಿಟ್ಟು ಬರುತ್ತಿತ್ತು, ಸಿಟ್ಟಿನಲ್ಲಿ ಬರೆಯಬಾರದೆಂದು ಎದ್ದು ಹೋಗುತ್ತಿದ್ದೆ. ಈಗ ಸಿಟ್ಟು ಇಳಿದಿದೆ. ಆದ್ದರಿಂದ ಎಲ್ಲವನ್ನೂ ಬರೆಯಬಲ್ಲೆ.

ನೀನು ಕೇಳಿದ್ದು ಇಷ್ಟು: "ಯವ್ವಾ, ಗಾಳೇಶ ಫೋನ್ ಎತ್ತವಲ್ಲ. ಮಾವಗ ಹೇಳಿ ಯುಗಾದಿ ಆದ ಮ್ಯಾಲ ತಾರೀಖ ಹಿಡೀರಿ, ಇನ್ನ ತಡಾ ಬ್ಯಾಡ." ನನ್ನ ಅಣ್ಣ ಹುಲಿಗೆಪ್ಪನ ಮಗ ಗಾಳೇಶ ನಿನಗೆ ಎನ್ನುವುದು ನೀವಿಬ್ಬರೂ ಅಂಗಳದಲ್ಲಿ ಆಡುತ್ತಿದ್ದಾಗಲೇ ಆದ ಮಾತು. ದೊಡ್ಡವರಾದ ಮೇಲೆ ನಿಮ್ಮಿಬ್ಬರಿಗೂ ಅದು ಬೇಕಾಗಿತ್ತು ಎನ್ನುವುದೂ ನನಗೆ ಗೊತ್ತು. ಆ ತಾರೀಖು ಹಿಡಿಯುವುದಿಲ್ಲ. ಯಾಕೆ ಎಂದು ಬರೆಯುತ್ತೇನೆ, ಒಂದು ಕಡೆ ಕೂತು ಓದು.

ಹೋದ ಎಳ್ಳಮಾವಾಸ್ಯೆಯ ಹೊತ್ತಿಗೆ, ಆಟಗಳನ್ನು ಆಡಿ ತೋರಿಸಿ ಮಾತಾಡುವ ನಿನ್ನ ಯೂಟ್ಯೂಬ್ ಚಾನೆಲ್ಲಿನಲ್ಲಿ ನೀನು ಒಂದು ಫೋನಿನ ಆಟವನ್ನು ಹರಿದು ಹಾಕಿದೆ. "ಬಣ್ಣಕ್ಕೆ ಹೊರಟ ದ್ಯಾಮವ್ವ" ಎಂದು ಅದರ ಹೆಸರು. ಮಾಡಿದವರ ಹೆಸರು ಅದರಲ್ಲಿ ಇರಲಿಲ್ಲ. ಯಾರೋ ಗುರುತಿಲ್ಲದವನು ಎಂದು ನೀನು ತಿಳಿದೆ. ಅದನ್ನು ಮಾಡಿದವನು ಗಾಳೇಶ.

ಕುಷ್ಟಗಿಯ ಜೆರಾಕ್ಸ್ ಅಂಗಡಿಯಲ್ಲಿ ಜನರಿಗೆ ಪಹಣಿ, ಆಧಾರ್ ತೆಗೆದುಕೊಡುತ್ತ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಅದೇ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಕೂತು ಮಾಡಿದ. ಹೆಸರು ಯಾಕೆ ಹಾಕಲಿಲ್ಲ ಎಂದು ನಾನೇ ಕೇಳಿದ್ದೆ. "ನನ್ನ ಹೆಸರ ಕಂಡ್ರ ಆಕಿ ಛಲೋ ಐತಿ ಅಂತಾಳತ್ತಿ. ಬ್ಯಾರೇದಾರಿಗೆ ಹೇಳಿದಂಗ ನನಗೂ ಖರೇ ಹೇಳ್ಲಿ," ಅಂದ. ಊರೆಲ್ಲ ಹೊಗಳುವುದು ಅವನಿಗೆ ಬೇಕಿರಲಿಲ್ಲ. ನಿನ್ನ ಒಂದು ಮಾತು ಬೇಕಿತ್ತು.

ನೀನು ಆ ಆಟದ ಬಗ್ಗೆ ಮಾತಾಡುತ್ತೀ ಎಂದು ತಿಳಿದಾಗ ಅಣ್ಣ ನನ್ನನ್ನೂ ಕುಷ್ಟಗಿಗೆ ಕರೆಸಿದ. ನಮ್ಮ ಓಣಿಯ ಸೈದಾನಬಿಯೂ ಜೊತೆಗೆ ಬಂದಳು. ದ್ಯಾಮವ್ವನ ಬಂಡಿಯನ್ನು ಕಿನ್ನಾಳ ಮುಟ್ಟಿಸುವ ಆ ಆಟದಲ್ಲಿ ಎಲ್ಲರಿಗಿಂತ ಮೊದಲು ಮುಟ್ಟಿಸಿದವಳು ಅವಳೇ. "ನಿಮ್ಮ ದ್ಯಾಮವ್ವ ನನ್ನ ಕೈಯಾಗ ಹಳ್ಳಕ್ಕ ಬಿದ್ದ ಬಿದ್ದ ಸಾಕಾಗ್ಯಾಳವಾ. ನಾಳಿ ಆಕಿ ಸಿಟ್ಟಾದ್ರ ನಾ ಯಾರ ಹೆಸರ ಹೇಳಿ ತಪ್ಪಿಸಿಕೊಳ್ಳಲಿ," ಎಂದು ಬಸ್ಸಿನ ತುಂಬ ನಗಿಸಿದಳು.

ಅಣ್ಣ ಮಿರ್ಚಿ ಭಜಿ ತರಿಸಿದ್ದ. ನಿನ್ನ ವೀಡಿಯೊ ಹಚ್ಚಿ, ಹಿಟ್ಟಿನ ಡಬ್ಬಿಗೆ ಫೋನು ಆನಿಸಿಟ್ಟು ಚಾಪೆಯ ಮೇಲೆ ಕೂತೆವು. ಗಾಳೇಶ ಮಾತ್ರ ಬಾಗಿಲ ಹತ್ತಿರ ನಿಂತಿದ್ದ. ನೀನು ಬಂದೆ. "ನಮಸ್ಕಾರ್ರಿ ಎಲ್ಲಾರಿಗೂ. ಇವತ್ತ ಒಂದ ಹೆಣಾ ತಂದೀನಿ, ಕೂಡಿ ಕೊಯ್ಯೂಣ ಬರ್ರಿ."

ಅಣ್ಣ ನಕ್ಕ. "ನೋಡ ಕಸ್ತೂರಿ, ನಿನ್ನ ಮಗಳ ಹೆಂಗ ಮಾತಾಡತಾಳ," ಎಂದು ಹೆಮ್ಮೆಯಿಂದ ತಾಟನ್ನು ನನ್ನ ಕಡೆ ಸರಿಸಿದ.

"ಈ ಎತ್ತ ನೋಡ್ರಿ. ಎತ್ತೋ ಆಡೋ, ಅದಕ್ಕ ಗೊತ್ತಿಲ್ಲ. ಇದನ್ನ ಮಾಡಿದಾಂವ ಎತ್ತ ನೋಡಿದ್ದು ಗೊಬ್ಬರದ ಚೀಲದ ಮ್ಯಾಲ ಅಷ್ಟ." ಅದಕ್ಕೂ ಅಣ್ಣ ನಕ್ಕ. ಗಾಳೇಶನೂ ಸ್ವಲ್ಪ ನಕ್ಕ.

ಆಮೇಲೆ ನೀನು ದೇವಿಯನ್ನು ಹಿಡಿದೆ. "ದೇವರಿಗೆ ಮುಖಾನ ಇಲ್ಲ, ಬರೇ ಬಿಳೇದು. ಬಣ್ಣಾ ತುಂಬಾಕ ಬ್ಯಾಸರಾತೇನಣ್ಣಾ? ಇನ್ನ ಈ ಮಂದಿನ್ನ ನೋಡ್ರಿ. ಬಂಡಿ ಬಂದ ಕೂಡಲೇ ಎಲ್ಲಾರೂ ಬೆನ್ನ ತಿರುವತಾರ. ಒಂದ ಮುಖಾ ಬರಿಯಾಕ ಬರಂಗಿಲ್ಲ ಈತಗ, ಅದಕ್ಕ ಊರಿಗೆ ಊರನ್ನ ಗ್ವಾಡಿ ಕಡೆ ನಿಂದ್ರಸ್ಯಾನ. ಒಲಿ ಹತ್ತಿಲ್ಲ, ಬೀಸೂ ಕುಟ್ಟೂ ಸಪ್ಪಳಿಲ್ಲ. ಇದೇನ ಊರೋ, ಸುಡಗಾಡೋ?"

ಅಣ್ಣನ ನಗು ನಿಂತಿತು. ಕಚ್ಚಿದ ಮಿರ್ಚಿಯನ್ನು ತಿರುಗಿ ತಾಟಿನಲ್ಲಿ ಇಟ್ಟ.

ಅಮೃತಾ, ನನ್ನ ತವರೂರಿನ ದ್ಯಾಮವ್ವ ಹೊಸ ಬಣ್ಣಕ್ಕೆಂದು ಕಿನ್ನಾಳದ ಚಿತ್ರಗಾರರ ಮನೆಗೆ ಹೊರಟಾಗ ಏನು ಮಾಡುತ್ತಾರೆ ಎನ್ನುವುದು ನಿನಗೆ ಗೊತ್ತಿಲ್ಲವೇ? ಗುಡಿ ಬಿಡುವ ಮುಂಚೆ ಅವಳ ಮುಖಕ್ಕೆ ಬಿಳಿಯ ಮಡಿಬಟ್ಟೆ ಕಟ್ಟುತ್ತಾರೆ. ಬಣ್ಣ ಬಳಿದು, ಕಣ್ಣು ಬರೆದು, ತಿರುಗಿ ಬಂದು ಗುಡಿಯಲ್ಲಿ ಕೂಡುವವರೆಗೆ ಯಾರೂ ಅವಳನ್ನು ನೋಡುವಂತಿಲ್ಲ. ಬಂಡಿ ಓಣಿಗೆ ಬಂದರೆ ಗೋಡೆ ಕಡೆ ತಿರುಗಿ ನಿಲ್ಲಬೇಕು. ಅವಳು ಊರಲ್ಲಿಲ್ಲದಾಗ ಒಗ್ಗರಣೆ ಹಾಕುವುದಿಲ್ಲ, ಬೀಸುವುದಿಲ್ಲ, ಕುಟ್ಟುವುದಿಲ್ಲ. ನೀನು ಸಣ್ಣವಳಿದ್ದಾಗ ನನ್ನ ಬಗಲಲ್ಲಿದ್ದೆ. ಬಂಡಿ ಬಂದಾಗ ನಿನ್ನ ಮುಖವನ್ನು ನನ್ನ ಹೆಗಲಿಗೆ ಒತ್ತಿ ಹಿಡಿದೆ, ನೀನು ಉಸಿರು ಕಟ್ಟಿ ಅತ್ತೆ. ಗಾಳೇಶ ನಮ್ಮ ಪಕ್ಕದಲ್ಲೇ ಗೋಡೆಗೆ ಹಣೆ ಹಚ್ಚಿ ನಿಂತಿದ್ದ. ಅವನು ಅದನ್ನು ನೆನಪಿಟ್ಟುಕೊಂಡು ಆಟ ಮಾಡಿದ. ನೀನು ಅದನ್ನೇ ಅವನ ಕೈಲಾಗದತನ ಎಂದು ಜನರನ್ನು ನಗಿಸಿದೆ. ಮೈಸೂರು ಕಡೆಯವರು ಯಾರಾದರೂ ಹಾಗೆ ಅಂದಿದ್ದರೆ ಪಾಪ, ಅವರಿಗೇನು ಗೊತ್ತು ಎಂದು ಬಿಡುತ್ತಿದ್ದೆ.

ಆಟ ಛಲೋ ಇತ್ತು ಎಂದು ನಾನು ಹೇಳುವುದಿಲ್ಲ. ಎತ್ತಿನ ಕಾಲು ನೆಲದೊಳಗೆ ಹೂತು ಹೋಗುತ್ತಿತ್ತು. ಬಂಡಿ ತುಸು ಕುಲುಕಿದರೂ ತಾಯಿ ಮುನಿದು ಮತ್ತೆ ಗುಡಿಯಿಂದಲೇ ಹೊರಡಿಸುತ್ತಿದ್ದಳು, ಆಡುವವರ ಕೈ ಸೋತು ಹೋಗುತ್ತಿತ್ತು. ಕಿನ್ನಾಳ ಇನ್ನೇನು ಕಂಡಿತು ಎನ್ನುವಾಗ ಒಮ್ಮೊಮ್ಮೆ ಆಟವೇ ಆರಿ ಹೋಗುತ್ತಿತ್ತು. ಆಡಿದ ಜನರಲ್ಲೂ ಎರಡು ಪಂಗಡ ಆಗಿದ್ದವು. ದೇವರನ್ನು ಆಟಕ್ಕೆ ಹಚ್ಚಿದ, ಕೈಯಲ್ಲಿ ಹುಳ ಬೀಳಲಿ ಎಂದು ಕೆಲವರು ಬರೆದರು. ಚಿತ್ರಗಾರರ ಬಾಗಿಲು ಕಂಡಾಗ ಕೈ ಮುಗಿದೆವು ಎಂದು ಕೆಲವರು ಬರೆದರು. ನನಗೂ ತಾಯಿಯನ್ನು ಬೆರಳಿನಿಂದ ಓಡಿಸುವುದು ಮೊದಲು ಸರಿ ಬರಲಿಲ್ಲ. ಕೈಕಾಲು ತೊಳೆದುಕೊಂಡು ಕೂತು ಆಡಿದೆ. ಇಷ್ಟನ್ನು ನೀನು ಹೇಳಿದ್ದರೆ ಸಾಕಾಗಿತ್ತು, ಅವನು ಕೇಳಿದ್ದೂ ಅದನ್ನೇ. ಹೊರದೇಶದ ದೊಡ್ಡ ಕಂಪನಿಯ ಆಟದಲ್ಲಿ ಮನುಷ್ಯರ ತಲೆ ಕಳಚಿ ಗಾಳಿಯಲ್ಲಿ ನಿಂತಾಗ ನೀನು, "ತಾಳ್ರಿ, ಮುಂದಿನ ಅಪ್‌ಡೇಟಿನ್ಯಾಗ ಸರಿ ಮಾಡ್ತಾರ," ಅಂದಿದ್ದೆ. ಅದನ್ನೂ ನೋಡಿದ್ದೇನೆ. ನಿನ್ನ ಒಂದು ವೀಡಿಯೊವನ್ನೂ ನಾನು ಬಿಟ್ಟವಳಲ್ಲ. ದೊಡ್ಡವರಿಗೆ ತಾಳ್ಮೆ, ಗುರುತಿಲ್ಲದ ಬಡವನಿಗೆ ಕತ್ತಿ. ಇದನ್ನು ಯಾರು ಕಲಿಸಿದರು ನಿನಗೆ? ನಾನಂತೂ ಕಲಿಸಲಿಲ್ಲ.

ಕೊನೆಗೆ ಹೇಳಿದ ಮಾತನ್ನು ನೀನು ಮರೆತಿರಬಹುದು. ಮುಖವನ್ನು ಕ್ಯಾಮೆರಾದ ಹತ್ತಿರ ತಂದು, ಗುಟ್ಟು ಹೇಳುವವಳ ಹಾಗೆ ಹೇಳಿದೆ: "ಇದನ್ನ ಮಾಡಿದಾಂವ ಯಾವನರೆ ಇರ್ಲಿ, ಆತಗ ಯಾರೂ ಹೆಣ್ಣ ಕೊಡಬ್ಯಾಡ್ರಿ. ವರ್ಷಾನಗಟ್ಟಲೆ ಕುಂತು ಇಂಥಾದ್ದ ಹಡದಾಂವ ಸಂಸಾರ ಏನ ಮಾಡ್ಯಾನ."

ಫೋನು ತನ್ನಷ್ಟಕ್ಕೆ ತಾನೇ ಯಾವುದೋ ಸಾಬೂನಿನ ಜಾಹೀರಾತು ಹಾಕಿತು. ಆರಿಸಲು ಯಾರೂ ಏಳಲಿಲ್ಲ. ಕಡೆಗೆ ಅಣ್ಣ ನನ್ನ ಕಡೆ ನೋಡದೆ, "ಸಣ್ಣ ಹುಡುಗಿ, ಬಾಯಿಗೆ ಬಂದಂಗ ಅಂದಾಳ. ನೀ ಮನಸಿಗೆ ಹಚಿಗೋಬ್ಯಾಡ ತಂಗೀ," ಅಂದ. ಅವನ ಮನೆಯಲ್ಲಿ ಅವನ ಮಗನಿಗೆ ಆದ ಅವಮಾನಕ್ಕೆ ಅವನೇ ನನ್ನನ್ನು ಸಮಾಧಾನ ಮಾಡಿದ. ಗಾಳೇಶ, "ಎತ್ತಿಂದು ಖರೇ ಐತಪ್ಪಾ. ಆಡಿನಂಗನ ಆಗೇತಿ," ಎಂದು ಚಪ್ಪಲಿ ಮೆಟ್ಟಿಕೊಂಡ. ಹೋಗುವಾಗ "ಆಕೀಗಿ ಹೇಳಬ್ಯಾಡತ್ತಿ" ಅಂದ. ನಾನು ಹೂಂ ಅನ್ನಲಿಲ್ಲ.

ಅವತ್ತು ಸಂಜೆ ನೀನು ಆ ವೀಡಿಯೊವನ್ನು ಅವನಿಗೇ ಕಳಿಸಿದೆ. "ನೋಡು, ನಕ್ಕ ನಕ್ಕ ಸಾಯ್ತಿ" ಎಂದು ಬರೆದಿದ್ದೆ. ಅವನು "ಛಲೋ ಐತಿ" ಎಂದು ಬರೆದ. ಅಲ್ಲಿಂದ ನಿನ್ನ ಫೋನು ಎತ್ತಿಲ್ಲ. ಆಟವನ್ನು ಅಳಿಸಿ ಹಾಕಿದ. ಆದರೆ ಅವನು ಮಾಡಿದ್ದು ಎಂದು ಅಂಗಡಿಯ ಅಕ್ಕಪಕ್ಕದ ಹುಡುಗರಿಗೆ ಗೊತ್ತಿತ್ತು. ಈಗ ಅವನ ಹೆಸರೇ ಆಡು ಎಂದಾಗಿದೆ. ನಾನು ಅಂಗಡಿಯಲ್ಲಿ ಕೂತಿದ್ದಾಗಲೇ ಒಬ್ಬ ಬಂದು, "ಏ ಆಡ, ನಮ್ಮವ್ವನ ಆಧಾರ್ ಜೆರಾಕ್ಸ್ ಮಾಡು. ಮುಖಾ ಬರಬೇಕ ನೋಡು ಮತ್ತ," ಅಂದ. ಗಾಳೇಶ ಜೆರಾಕ್ಸ್ ಮಾಡಿಕೊಟ್ಟ. ಮುಖ ಬಂದಿದೆಯೇ ಎಂದು ತಾನೇ ಬೆಳಕಿಗೆ ಹಿಡಿದು ನೋಡಿ ಕೊಟ್ಟ.

ಸಂಕ್ರಾಂತಿಗೆ ನೀನು ಬಂದೆ. ಸಜ್ಜೆ ರೊಟ್ಟಿ ಮುರಿಯುತ್ತ, ಆ ಒಂದು ವೀಡಿಯೊದಿಂದ ಚಾನೆಲ್ಲಿಗೆ ಎಷ್ಟು ಮಂದಿ ಸೇರಿದರು ಎಂದು ಹೇಳಿದೆ. ನಿಮ್ಮಪ್ಪ, "ಮಾಡಿದಾತಗ ಕೆಟ್ಟ ಅನಸೂದಿಲ್ಲೇನವಾ?" ಎಂದು ಕೇಳಿದರು. "ಅನಸ್ಲಿ ಅಂತನ ಮಾಡೂದಪ್ಪಾ," ಎಂದು ನಕ್ಕೆ. ನಾನು ನಿನ್ನ ತಾಟಿಗೆ ಮತ್ತೊಂದು ರೊಟ್ಟಿ ಹಾಕಿದೆ. ಬಾಯಿ ತೆಗೆದಿದ್ದರೆ ಹಬ್ಬದ ದಿನ ಬರಬಾರದ ಮಾತು ಬರುತ್ತಿತ್ತು.

ನೀನು ಹೋದ ಮೇಲೆ ಕುಷ್ಟಗಿಗೆ ಹೋದೆ. ಅಣ್ಣ ಆಗಲೂ ನಿನ್ನನ್ನೇ ತಂದುಕೊಳ್ಳುತ್ತೇನೆ ಎನ್ನುತ್ತಿದ್ದ. "ಹುಡುಗಿ ತಿಳೀದ ಮಾಡೇತಿ. ಕೊಟ್ಟ ಮಾತ ಐತಿ." ನಾನೇ ಅಂದೆ: "ಹೆಣ್ಣ ಕೊಡಬ್ಯಾಡ್ರಿ ಅಂತ ಲಕ್ಷಗಟ್ಟಲೆ ಮಂದಿ ಮುಂದ ಆಕೀನ ಅಂದಾಳಣ್ಣ. ಹಡದಾಕಿ ನಾನು, ಆಕಿ ಮಾತ ನಾ ನಡಸ್ತೀನಿ. ಕೊಡೂದಿಲ್ಲ." ಕಡೆಗೆ ಅಣ್ಣ, "ನಿನ್ನ ಮನಸಿನಂಗ ಆಗ್ಲಿ ತಂಗೀ," ಅಂದ. ಗಾಳೇಶ ಬೇಡ ಎನ್ನಲಿಲ್ಲ, ಬೇಕು ಎನ್ನಲಿಲ್ಲ. ಅವನು ಬೇಕು ಅಂದಿದ್ದರೂ ನಾನು ಒಪ್ಪುತ್ತಿರಲಿಲ್ಲ. ಬೇರೆಯವರ ಮಗನ ದುಡಿಮೆಯನ್ನು ಕೊಯ್ದು ನಗಿಸುವುದನ್ನು ಕಲಿತವಳು ನಾಳೆ ಗಂಡನದನ್ನು ಬಿಡುತ್ತಾಳೆಯೇ? ಅಂಥವಳನ್ನು ತಾಯಿ ಇಲ್ಲದ ಆ ಮನೆಗೆ ತುಂಬಿಸಿದರೆ ದ್ಯಾಮವ್ವ ನನ್ನನ್ನು ಕೇಳುತ್ತಾಳೆ.

ಹೋದ ಶುಕ್ರವಾರ ಗಾಳೇಶನಿಗೆ ಸಿದ್ದಾಪುರದ ಹುಡುಗಿಯನ್ನು ನಿಶ್ಚಯ ಮಾಡಿದೆವು. ಪಂಪಾವತಿ ಎಂದು ಹೆಸರು, ಭತ್ತದ ಗದ್ದೆಯವರು. ಅವನ ತಾಯಿ ತೀರಿಕೊಂಡಿದ್ದರಿಂದ ಕುಂಕುಮ ಹಚ್ಚಿ ಉಡಿ ತುಂಬುವುದು ನನ್ನ ಪಾಲಿಗೆ ಬಂತು. ನಿನಗೆಂದು ತೆಗೆದಿಟ್ಟಿದ್ದ ಇಳಕಲ್ ಸೀರೆಯನ್ನೇ ಅವಳಿಗೆ ಉಡಿಸಿದೆ. ಚೆನ್ನಾಗಿ ಒಪ್ಪಿತು. ನಿನಗಿಂತ ಹೆಚ್ಚು ಒಪ್ಪಿತು. "ಅತ್ತೀ, ಇವ್ರು ಏನೋ ಆಟ ಮಾಡಿದ್ರಂತಲ್ರಿ, ತೋರಸ್ರಿ ಅಂದ್ರ ಇಲ್ಲ ಅಂತಾರ್ರಿ," ಎಂದು ಕೇಳಿದಳು. ಒಂದು ಮಾಡಿದ್ದ, ಒಬ್ಬಳ ಕಣ್ಣು ಬಿತ್ತು, ಕೆಟ್ಟು ಹೋಯಿತು ಎಂದು ಹೇಳಿದೆ.

ಲಗ್ನ ಯುಗಾದಿ ಆದ ಮೇಲೆ, ನೀನು ಕೇಳಿದ್ದ ದಿನಗಳಲ್ಲೇ. ನಿನ್ನನ್ನು ಕರೆಯಲೇಬೇಕು ಎಂದು ನಿಮ್ಮಪ್ಪ ಹಟ ಹಿಡಿದಿದ್ದಾರೆ. ಬಂದರೆ ಬಾ, ಅಕ್ಷತೆ ಹಾಕಿ ಉಂಡು ಹೋಗು. ಗಾಳೇಶನ ಹತ್ತಿರ ತಪ್ಪಾಯಿತು ಎನ್ನಲು ಮಾತ್ರ ಹೋಗಬೇಡ. ನೀನು ತಪ್ಪಾಯಿತು ಅಂದರೆ ಅವನು ಇರಲಿ ಬಿಡು ಎನ್ನುತ್ತಾನೆ. ಆಗ ನಿನಗೆ ಹಗುರಾಗುತ್ತದೆ. ನಿನಗೆ ಹಗುರಾಗುವುದು ನನಗೆ ಬೇಕಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಶುಕ್ರವಾರ ತಪ್ಪದೆ ದೀಪ ಹಚ್ಚು. ತಾಯಿ ನಿನಗೆ ಆಯುಷ್ಯ ಕೊಡಲಿ, ಬುದ್ಧಿ ಕೊಡಲಿ, ಎರಡನೆಯದನ್ನು ಮೊದಲು ಕೊಡಲಿ.

ನಿನ್ನ ಅವ್ವ
ಕಸ್ತೂರೆಮ್ಮ

ತಾ.ಕ.: ಆ ಆಟದಲ್ಲಿ ಬಂಡಿ ಸಾಗುವಾಗ ಒಬ್ಬಳು ದ್ಯಾಮವ್ವನ ಪದ ಹಾಡುತ್ತಾಳೆ. "ಕುತ್ತಿಗಿಗೆ ಹಗ್ಗ ಬಿಗದ ಮುದಿ ಎಮ್ಮಿ" ಎಂದು ನಗಾಡಿ ನೀನು ಆ ದನಿಯನ್ನು ಜೋರು ಮಾಡಿ, ನಿಧಾನ ಮಾಡಿ, ಹಿಂದೆ ಮುಂದೆ ಮಾಡಿ ಕೇಳಿಸಿದೆ. ಅದು ಬಂದಾಗ ಸೈದಾನಬಿ ನನ್ನ ಕೈ ಹಿಡಿದುಕೊಂಡಳು, ಈ ಕಾಗದದಲ್ಲಿ ಮೇಲೆ ನಾನು ಅದನ್ನು ಬರೆಯಲಿಲ್ಲ. ಈಗ ಅದಷ್ಟನ್ನೇ ಕತ್ತರಿಸಿ ಹುಡುಗರು ಫೋನಿನ ರಿಂಗ್‌ಟೋನಿಗೆ ಹಾಕಿಕೊಂಡಿದ್ದಾರೆ. ಮೊನ್ನೆ ಬಸ್ಸಿನಲ್ಲಿ ಯಾರದೋ ಜೇಬಿನಲ್ಲಿ ಹೊಡೆದುಕೊಂಡಿತು. ಎಲ್ಲರೂ ನಕ್ಕರು. ಗುರುತು ಸಿಗಬಾರದೆಂದು ನಾನೂ ನಕ್ಕೆ. ಆ ದನಿ ನನ್ನದು. ಗಾಳೇಶ ನಮ್ಮ ಅಡುಗೆಮನೆಯಲ್ಲಿ ಕೂಡಿಸಿ ಹಾಡಿಸಿಕೊಂಡು ಹೋಗಿದ್ದ. ನಿನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಶುಕ್ರವಾರ ಶುಕ್ರವಾರ ಹಾಡಿದ ಪದ ಅದು. ಅಷ್ಟು ಸಲ ತಿರುಗಿಸಿ ತಿರುಗಿಸಿ ಕೇಳಿದೆ, ಒಂದು ಸಲವೂ ನಿನಗೆ ಗುರುತು ಹತ್ತಲಿಲ್ಲ. ಗುಡಿಯಲ್ಲಿ ಹಾಡುವುದನ್ನು ಬಿಟ್ಟಿದ್ದೇನೆ. ಫೋನು ಮಾಡಬೇಡ, ನಾನು ಮಾತಾಡುವುದಿಲ್ಲ. ಹೇಳುವುದಿದ್ದರೆ ನೀನೂ ಕಾಗದ ಬರೆ.