ಹೊಗೆಯಲ್ಲೂ ನಗಬೇಕಂತೆ

ಜೂನ್ ೧೨, ಗುರುವಾರ

ಗಗನಸಖಿಯರಿಗೆ ಪಾಠ ಹೇಳುವ ನಮ್ಮ ಮೇಡಂ ಇವತ್ತು ನನ್ನ ಅಂಕ ಕತ್ತರಿಸಿದಳು. ಉರಿಯುವ ವಿಮಾನದಿಂದ ಜನರನ್ನು ಇಳಿಸುವ ಅಭ್ಯಾಸದಲ್ಲಿ ನಾನು "ಬ್ಯಾಗ್ ಬಿಡಿ, ಹಾರಿ!" ಎಂದು ಗಂಟಲು ಹರಿಯುವಂತೆ ಕಿರುಚಿದ್ದು ತಪ್ಪಂತೆ.

"ಹೀಗೆ ಗದರಿದ್ರೆ ಪ್ಯಾಸೆಂಜರ್‌ಗೆ ಬೇಜಾರಾಗಲ್ವೇನಮ್ಮ? ನಗು ಎಲ್ಲಿ ಹೋಯ್ತು?"

ವಿಮಾನದ ಬಾಗಿಲಿಂದ ಇಳಿಬಿಟ್ಟ ಜಾರುಬಂಡಿಯ ಬಾಯಲ್ಲಿ ನಿಂತು ಒಬ್ಬೊಬ್ಬರಿಗೂ "ಥ್ಯಾಂಕ್ಯೂ, ಮತ್ತೆ ಬನ್ನಿ" ಎಂದ ನಮ್ಮ ಕ್ಲಾಸಿನ ಗೊಂಬೆಮುಖದವಳಿಗೆ ಪೂರ್ತಿ ಅಂಕ. ಮತ್ತೆಲ್ಲಿಗೆ ಬರಬೇಕು, ಬೆಂಕಿಗಾ?

ಸಂಜೆ ಕ್ಯಾಂಟೀನಿನಲ್ಲಿ ನಿಜವಾಗಿಯೇ ಹೊಗೆ ಎದ್ದಿತು. ಎಲ್ಲರೂ ಓಡುತ್ತಿದ್ದರೆ ಈ ಮಹಾತಾಯಿ ಮೇಡಂ ಮರೆತ ಕೈಚೀಲಕ್ಕೆಂದು ಬಾಗಿಲಲ್ಲೇ ತಿರುಗಿ ನಿಂತಳು. ಅದೇ ಗಂಟಲಲ್ಲಿ ಗದರಿದೆ. ಗೊಂಬೆಮುಖದವಳ ಕಾಲು ತುಳಿದುಕೊಂಡು ಓಡಿದಳು.

ಹೊರಗೆ ಉಸಿರು ತಿರುಗಿದ ಮೇಲೆ ನನ್ನ ಮುಖ ನೋಡಿ ಹೇಳಿದ್ದೇನು? "ಲಿಪ್‌ಸ್ಟಿಕ್ ಅಳಿಸಿಹೋಗಿದೆ, ಸರಿ ಮಾಡ್ಕೊ."

ಮಾಡಿಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು…