ಸೆರಗಿನ ಅರಿಶಿನ

ಅಡಾಜಣ್, ಸೂರತ್
ಭಾನುವಾರ, ಫೆಬ್ರವರಿ ೯, ೨೦೨೫

ನನ್ನ ಮುದ್ದು ಅಮ್ಮನಿಗೆ ನಿನ್ನ ವರ್ಷಿಣಿಯ ನಮಸ್ಕಾರ, ಮುತ್ತು, ಎಲ್ಲವೂ!

ನನ್ನ ಕಾನ್ವೆಂಟ್ ಕನ್ನಡಕ್ಕೆ ನಗಬೇಡ. ಫೋನಿನಲ್ಲಾದರೆ ನೀನು ನಡುವೆಯೇ ಅಡುಗೆಯ ಮಾತು ತೆಗೆದು ಜಾರಿಕೊಳ್ಳುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ತಮ್ಮ ಕಿಶೋರನ ಬೆರಳುಗಳು ಕೂಡಿಕೊಂಡು ಹುಟ್ಟಿದ್ದು ನಿನ್ನಿಂದ ಅಲ್ಲ. ರಕ್ತದ ರಿಪೋರ್ಟ್ ಬಂತು! ನಿನಗೆ ಬರೆಯಲು ಅವನೇ ಹೇಳಿದ.

ಈಗ ಬೈಯಬೇಡ. ಧಾರೆ ಸೀರೆಯನ್ನು ಅರಿಶಿನ ಹಸಿಯಿರುವಾಗಲೇ ಮಡಚಿಟ್ಟಿದ್ದೆ. ನಿನ್ನೆ ಬಿಚ್ಚಿದರೆ ಸೆರಗಿನ ಕಲೆ ಅಲ್ಲೊಂದು ಇಲ್ಲೊಂದು, ಆಚೆ ತುದಿಯವರೆಗೂ! ನಾನು ಅಳುತ್ತಿದ್ದರೆ ನಿನ್ನ ಅಳಿಯ ರೋಹಿತ್, "ಅರೆ, ವಡೋದರಾ ಲ್ಯಾಬಿನಲ್ಲಿ ನಾನು ಮಾಡೋದೂ ಇದೇ ಕಣೇ!" ಎಂದು ಕುಣಿದೇಬಿಟ್ಟರು. ಒಂದೊಂದು ಜೀವಕೋಶದಲ್ಲೂ ಎರಡು ಮೀಟರ್ ಡಿಎನ್‌ಎ ಹೀಗೇ ಮಡಚಿಕೊಂಡಿರುತ್ತದಂತೆ. ಯಾವುದಕ್ಕೆ ಯಾವುದು ತಾಗಿದೆಯೋ ಅಲ್ಲೇ ಅಂಟಿಸಿ, ಕತ್ತರಿಸಿ, ತಾಗಿದ್ದ ತುಂಡುಗಳನ್ನು ಜೋಡಿಸಿ ಓದುತ್ತಾರೆ. ಕಲೆ ನೋಡಿ ಸೀರೆಯ ಮಡಿಕೆ ಹೇಳಿದ ಹಾಗೆ!

ಹಾಗೆ ಓದಿ ನೋಡಿದರೆ, ಕಿಶೋರನ ಜೀನ್‌ಗಳು ಸರಿಯಾಗಿಯೇ ಇವೆ. ಎರಡು ಮಡಿಕೆಗಳ ನಡುವಿನ ಸಣ್ಣ ಗಡಿಯೊಂದು ಬಿಟ್ಟುಹೋಗಿ, ಜೀನ್ ಹೊತ್ತಿಸುವ ದೂರದ ಸ್ವಿಚ್ಚೊಂದು ತನ್ನದಲ್ಲದ ಜೀನ್‌ಗೆ ತಾಗಿದೆ. ನೀನೂ ಅಪ್ಪನೂ ಕೊಟ್ಟ ರಕ್ತದಲ್ಲಿ ಆ ಗಡಿ ಇದೆ. ಅವನಲ್ಲಿ ತಾನಾಗಿ ತಪ್ಪಿದೆ, ಅಷ್ಟೇ.

ಗ್ರಹಣದ ಹೊತ್ತಿನಲ್ಲಿ ನೀನು ಹೀರೇಕಾಯಿ ಹೆಚ್ಚಿದ್ದಕ್ಕಲ್ಲ ಅಮ್ಮಾ! "ಬಸುರಿ, ಒಂದು ಗಳಿಗೆ ಕೈಕಟ್ಟಿ ಕೂರೋಕಾಗಲಿಲ್ಲ ಇವಳಿಗೆ" ಎಂದು ಅಜ್ಜಿ ಬಂದವರಿಗೆಲ್ಲ ಹೇಳುವಾಗ ನೀನು ಪಾತ್ರೆ ಉಜ್ಜುತ್ತಲೇ ಇರುತ್ತಿದ್ದೆ. ಕಿಶೋರ ಅದೇ ಕೈಯಲ್ಲಿ ಉತ್ತರಾಯಣಕ್ಕೆ ನಿಮ್ಮ ಬೋಡಕ್‌ದೇವ್ ಬಡಾವಣೆಯ ಅರ್ಧ ಗಾಳಿಪಟಗಳನ್ನು ಕತ್ತರಿಸುತ್ತಾನೆ. ಕೈಯನ್ನು ಬಚ್ಚಿಟ್ಟುಕೊಂಡದ್ದು ನೀನು. ಧಾರೆ ಮುಗಿದು ನನ್ನ ಮಡಿಲು ತುಂಬುವಾಗಲೂ ಅರಿಶಿನ ಕಲೆಸಿದವಳು ನೀನು, ಕೆನ್ನೆಗೆ ಹಚ್ಚಲು ದೊಡ್ಡಮ್ಮನನ್ನು ಮುಂದೆ ಕಳಿಸಿದೆ. ಫೋಟೋಕ್ಕೆ ನಗುತ್ತಿದ್ದೆ ನಿಜ. ಆದರೆ ನೋಡಿದ್ದೆ.

ಮುಂದಿನ ಭಾನುವಾರ ಅಪ್ಪನ ಜೊತೆ ಬಾ. ಹೀರೇಕಾಯಿ ತಂದಿಡುತ್ತೇನೆ, ಬಜ್ಜಿ ಮಾಡಿಕೊಡು. ನಿನ್ನ ಅಳಿಯ ಈಗಲೇ ಕಾಯುತ್ತಿದ್ದಾರೆ!

ನಿನ್ನ ಬಾಯಿಬಡುಕಿ,
ವರ್ಷಿಣಿ

ತಾ.ಕ.: ಸೀರೆಯನ್ನು ಡ್ರೈಕ್ಲೀನಿಂಗ್‌ಗೆ ಕೊಡುವುದಿಲ್ಲ. ಕಲೆಗೆ ಕಲೆ ಕೂಡಿಸುತ್ತ ರೋಹಿತ್ ಅದನ್ನು ಮತ್ತೆ ಹಾಗೇ ಮಡಚಿದರು. ಎಲ್ಲಕ್ಕೂ ಮೂಲವಾದ ಕಲೆ ಸೆರಗಿನಲ್ಲಿ, ನನ್ನ ಬೆನ್ನಿನ ಭಾಗದಲ್ಲಿ ಸಿಕ್ಕಿತು. ಒಂದು ಅಂಗೈ, ಐದು ಬೆರಳು. ಕಾರು ಹತ್ತುವಾಗ ನನ್ನನ್ನು ತಬ್ಬಿಕೊಂಡವಳು ನೀನೊಬ್ಬಳೇ, ಅಮ್ಮಾ.